ಒಂದೂ ಗೋಲು ಹೊಡೆಯದ ವರ

ಕಳೆದ ಭಾನುವಾರ ಬಾಲಾನಗರದ ಒಂದು ಮನೆಯಲ್ಲಿ ಕೂತು, ಬಿಸಿ ಉಪ್ಪಿಟ್ಟು ತಿನ್ನುತ್ತ, ನನ್ನ ಅಕ್ಕನ ಮಗ ಒಂದು ಸೀಸನ್ನಿನಲ್ಲಿ ಎಷ್ಟು ಪೆನಾಲ್ಟಿ ಕಾರ್ನರ್ ಬಿಟ್ಟುಕೊಟ್ಟಿದ್ದಾನೆ ಎಂದು ವಾದ ಮಾಡಿ ಬಂದೆ. ಸಂದರ್ಭ ಏನೆಂದುಕೊಂಡಿರಿ? ಕನ್ಯಾ ನೋಡುವುದು.

ನಮ್ಮ ಗದಗಿನ ಕಡೆ ಹಾಗೇ ಕರೆಯುತ್ತೇವೆ. ಹುಡುಗನ ಕಡೆಯವರು ಹುಡುಗಿಯ ಮನೆಗೆ ಹೋಗುತ್ತಾರೆ. ಉಪ್ಪಿಟ್ಟು ಬರುತ್ತದೆ, ಶಿರಾ ಬರುತ್ತದೆ, ಆಮೇಲೆ ಹುಡುಗಿ ಬರುತ್ತಾಳೆ. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು 'ಹೆಸರೇನವ್ವಾ?' ಎನ್ನುತ್ತಾರೆ (ಹೆಸರೇ ಗೊತ್ತಿಲ್ಲದೆ ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದಿರುತ್ತಾರೆಯೇ?). ಅವಳು ಹೆಸರು ಹೇಳುತ್ತಾಳೆ. ಎಲ್ಲರೂ ಈಗಷ್ಟೇ ತಿಳಿಯಿತು ಎಂಬಂತೆ ತಲೆ ಆಡಿಸುತ್ತಾರೆ.

ಅವತ್ತು ಮಾತ್ರ ಪ್ರಶ್ನೆಗಳೆಲ್ಲ ಹುಡುಗನ ಕಡೆಗೆ ತಿರುಗಿದ್ದವು.

ಹುಡುಗನ ಹೆಸರು ವಿನಾಯಕ. ನನ್ನ ದೊಡ್ಡಕ್ಕನ ಒಬ್ಬನೇ ಮಗ. ಉದ್ಯೋಗ ಹಾಕಿ. ಹೌದು, ಅದೇ ಉದ್ಯೋಗ. ಹರಾಜಿನಲ್ಲಿ ಆಟಗಾರರನ್ನು ಕೊಳ್ಳುವ ಲೀಗ್ ಇದೆಯಲ್ಲ, ಅಂಥದ್ದೊಂದರಲ್ಲಿ ಒಂದು ತಂಡಕ್ಕೆ ಡಿಫೆಂಡರ್. ಎದುರಾಳಿ ಗೋಲು ಹೊಡೆಯಲು ಬಂದರೆ ತಡೆಯುವುದು ಅವನ ಕೆಲಸ. ತಂಡದವರು ಅವನ ಜೊತೆ ಒಂದೇ ಸೀಸನ್ನಿನ ಕಾಂಟ್ರ್ಯಾಕ್ಟ್ ಮಾಡಿಕೊಂಡಿದ್ದರು. ಸೀಸನ್ ಮುಗಿದಿದೆ. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಇನ್ನೂ ಹೇಳಿಲ್ಲ.

ಇತ್ತ ಅಕ್ಕ ಅವನ ಮದುವೆಗೆ ಓಡಾಡುತ್ತಿದ್ದಾಳೆ. ಬಂದ ಸಂಬಂಧಗಳೆಲ್ಲ ಒಂದೇ ಪ್ರಶ್ನೆಗೆ ಮುರಿದುಬೀಳುತ್ತಿವೆ. ನೌಕರಿ ಪರ್ಮನೆಂಟೋ? ಒಬ್ಬರಂತೂ, 'ಆಟ ಆಡೋದು ಸರಿರಿ, ಕೆಲಸ ಏನ್ ಮಾಡ್ತಾನ?' ಎಂದು ಕೇಳಿದರಂತೆ. ಅಕ್ಕ ಅವತ್ತು ಊಟ ಮಾಡಲಿಲ್ಲ.

ಅಂಥದ್ದರಲ್ಲಿ ಹೈದರಾಬಾದಿನ ಈ ಸಂಬಂಧ ಬಂತು. ಹುಡುಗಿ ಶ್ವೇತಾ, ಓದಿದವಳು, ನಾಚಾರಂನ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸ. ತಂದೆ ಪಾಟೀಲರು ಬಾಲಾನಗರದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದು ನಿವೃತ್ತರಾದವರು. ಮೂಲ ಕೊಪ್ಪಳದ ಕಡೆಯವರು. ಇವರು ಜಾತಕ ಕೇಳಲಿಲ್ಲ. ವಾಟ್ಸಾಪಿನಲ್ಲಿ, 'ಹುಡುಗನ ಕಳೆದ ಸೀಸನ್ನಿನ ಡೇಟಾ ಕಳಿಸ್ರಿ' ಎಂದು ಬರೆದರು.

ಅಕ್ಕ ಡೇಟಾ ಕಳಿಸಿದಳು. ಎತ್ತರ, ತೂಕ, ಮೈಬಣ್ಣ, ರಾಶಿ, ನಕ್ಷತ್ರ.

'ಇದಲ್ಲರಿ ಅಕ್ಕಾರ' ಎಂದು ಉತ್ತರ ಬಂತು.

ಆಗ ಅಕ್ಕನಿಗೆ ನನ್ನ ನೆನಪಾಯಿತು. ನಾನು ಇಲ್ಲಿ ಹೈದರಾಬಾದಿನಲ್ಲೇ ಒಂದು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಹೇಳುತ್ತೇನೆ. ನಮ್ಮ ಬಳಗದಲ್ಲಿ ಇಷ್ಟು ವರ್ಷ ಈ ವಿಷಯದಿಂದ ಯಾರಿಗೂ ಮೂರು ಕಾಸಿನ ಉಪಯೋಗ ಆಗಿರಲಿಲ್ಲ. ಡಾಕ್ಟರಾಗಿದ್ದರೆ ಬಿಪಿ ನೋಡಿಸಿಕೊಳ್ಳುತ್ತಿದ್ದರು. ವಕೀಲಳಾಗಿದ್ದರೆ ಹೊಲದ ಹಾದಿಯ ತಕರಾರು ಹೇಳುತ್ತಿದ್ದರು. ಸ್ಟ್ಯಾಟಿಸ್ಟಿಕ್ಸಿನವಳಿಗೆ ಏನು ಹೇಳುವುದು? ಈಗ ಅಕ್ಕ ಫೋನಿನಲ್ಲಿ, 'ಸುನಂದಾ, ನೀ ಕಲಿತದ್ದು ಈಗ ಕೆಲಸಕ್ಕ ಬರೋ ಹಂಗ ಕಾಣತೈತಿ. ನಮ್ಮ ವಿನ್ಯಾನ ಮರ್ಯಾದಿ ಉಳಸು' ಎಂದಳು.

ಸರಿ ಎಂದೆ. ಅಕ್ಕ ಅಪರೂಪಕ್ಕೆ ಏನಾದರೂ ಕೇಳಿದರೆ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೊದಲು ಲೀಗಿನವರ ವೆಬ್‌ಸೈಟ್ ತೆರೆದು ನೋಡಿದೆ. ಗೋಲು, ಸೊನ್ನೆ. ಗೋಲಿಗೆ ನೆರವು, ಸೊನ್ನೆ. ಟ್ಯಾಕಲ್, ಅಂದರೆ ಎದುರಾಳಿಯ ಕೋಲಿನಿಂದ ಚೆಂಡು ಕಿತ್ತುಕೊಳ್ಳುವುದು, ಉಳಿದ ಡಿಫೆಂಡರುಗಳಿಗಿಂತ ಕಡಿಮೆ. ಬಿಟ್ಟುಕೊಟ್ಟ ಪೆನಾಲ್ಟಿ ಕಾರ್ನರ್, ಅಂದರೆ ತಪ್ಪು ಮಾಡಿ ಎದುರಾಳಿಗೆ ಕೊಟ್ಟ ಗೋಲಿನ ಅವಕಾಶ, ಒಂದಿಷ್ಟು. ಈ ಹುಡುಗ ಮೈದಾನದಲ್ಲಿ ಏನು ಮಾಡುತ್ತಿದ್ದ?

ಅದನ್ನೇ ಅವನಿಗೆ ಫೋನ್ ಮಾಡಿ ಕೇಳಿದೆ.

'ನಿಂತಿರ್ತೀನಿ ಮೌಶಿ' ಎಂದ.

'ನಿಂತಿರೋದಕ್ಕ ದುಡ್ಡು ಕೊಡ್ತಾರೇನೋ?'

'ಸರಿಯಾದ ಕಡೆ ನಿಂತ್ರ ಅವರು ಆ ಕಡೆ ಬರೂದೇ ಇಲ್ಲ ಮೌಶಿ. ಚೆಂಡು ಬ್ಯಾರೆ ಕಡೆ ಒಯ್ತಾರ. ಆಮ್ಯಾಲೆ ನಾ ಟ್ಯಾಕಲ್ ಯಾರಿಗೆ ಮಾಡ್ಲಿ?'

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಇದನ್ನೇ ಯೋಚಿಸಿದೆ. ಆಟಗಾರನ ಬೆಲೆ ಕಟ್ಟುವಾಗ ಗೋಲು ಹೊಡೆದವನದು ಸುಲಭ. ಹೊಡೆದ, ಎಣಿಸಿದರು, ಹರಾಜಿನಲ್ಲಿ ಕೈ ಎತ್ತಿದರು. ಆಗದೇ ಹೋದ ಗೋಲನ್ನು ಎಣಿಸುವುದು ಹೇಗೆ? ಅದನ್ನು ಯಾರ ಹೆಸರಿಗೆ ಬರೆಯುವುದು?

(ನಮ್ಮ ಮನೆಯಲ್ಲೂ ಇದೇ ಕಥೆ. ನಮ್ಮ ಮನೆಯವರು ವರ್ಷಕ್ಕೊಮ್ಮೆ ಎಣ್ಣೆಗಾಯಿ ಮಾಡುತ್ತಾರೆ. ಚೆನ್ನಾಗಿಯೇ ಮಾಡುತ್ತಾರೆ, ಇಲ್ಲವೆನ್ನುವುದಿಲ್ಲ. ಬಂದ ನೆಂಟರೆಲ್ಲ ಆ ಎಣ್ಣೆಗಾಯಿಯನ್ನು ಮುಂದಿನ ವರ್ಷದವರೆಗೂ ಹೊಗಳುತ್ತಾರೆ. ದಿನಾ ಹಾಲು ಉಕ್ಕದಂತೆ ಒಲೆಯ ಮುಂದೆ ನಿಂತವಳ ಬಗ್ಗೆ ಯಾರಾದರೂ, ಇವತ್ತೂ ಹಾಲು ಉಕ್ಕಲಿಲ್ಲ ನೋಡು, ಎಂದು ಹೊಗಳಿದ್ದು ಕೇಳಿದ್ದೀರಾ?)

ಹಾಕಿಯಲ್ಲಿ ಒಂದು ಅನುಕೂಲ ಇದೆ. ಆಟ ನಡೆಯುತ್ತಿರುವಾಗಲೇ ಆಟಗಾರರನ್ನು ಬದಲಾಯಿಸುತ್ತಿರುತ್ತಾರೆ. ಒಬ್ಬ ಒಳಗೆ, ಒಬ್ಬ ಹೊರಗೆ, ಮತ್ತೆ ಅವನೇ ಒಳಗೆ. ಹಾಗಾದರೆ ವಿನಾಯಕ ಮೈದಾನದಲ್ಲಿದ್ದಾಗ ಎದುರಾಳಿ ಎಷ್ಟು ಸಲ ನಮ್ಮ ಗೋಲಿನ ಮುಂದಿನ ಅರ್ಧವೃತ್ತದೊಳಗೆ ನುಗ್ಗಿದ, ವಿನಾಯಕ ಬೆಂಚಿನ ಮೇಲೆ ಕೂತಿದ್ದಾಗ ಎಷ್ಟು ಸಲ ನುಗ್ಗಿದ ಎಂದು ಹೋಲಿಸಬಹುದಲ್ಲ? ಇದು ವೆಬ್‌ಸೈಟಿನಲ್ಲಿ ಇರಲಿಲ್ಲ. ಪಂದ್ಯಗಳ ವಿಡಿಯೋ ನೋಡಿ ನಾವೇ ತೆಗೆಯಬೇಕಿತ್ತು.

ನಾವು ಅಂದರೆ ನಾನು ಮತ್ತು ನಮ್ಮ ಮನೆಯವರು. ಸೋಫಾದ ಮೇಲೆ ಕೂತು, ಚೆಂಡು ಅರ್ಧವೃತ್ತದೊಳಗೆ ಬಂದ ಕೂಡಲೇ 'ಬಂತು' ಎನ್ನುವುದು ಅವರ ಕೆಲಸ. ವಿನಾಯಕ ಒಳಗಿದ್ದಾನೋ ಹೊರಗಿದ್ದಾನೋ ನೋಡಿ ಗುರುತು ಹಾಕುವುದು ನನ್ನ ಕೆಲಸ. ಮೊದಲ ಪಂದ್ಯದಲ್ಲಿ ಶಿಸ್ತಾಗಿ 'ಬಂತು, ಬಂತು' ಎಂದರು. ಎರಡನೆಯದರಲ್ಲಿ ಆಟದ ರುಚಿ ಹತ್ತಿತು. 'ಏ, ಹೊಡಿ, ಹೊಡಿ' ಎನ್ನತೊಡಗಿದರು. ನೋಡಿದರೆ ಎದುರಾಳಿ ತಂಡಕ್ಕೆ ಹುರಿದುಂಬಿಸುತ್ತಿದ್ದಾರೆ. ಅವರ ಜರ್ಸಿಯ ಬಣ್ಣ ಚೆನ್ನಾಗಿತ್ತಂತೆ. ಎಷ್ಟು 'ಬಂತು'ಗಳು ಆ ಗದ್ದಲದಲ್ಲಿ ಕಳೆದುಹೋದವೋ ದೇವರಿಗೇ ಗೊತ್ತು.

ಅಂತೂ ಒಂದು ಲೆಕ್ಕ ಸಿಕ್ಕಿತು. ವಿನಾಯಕ ಒಳಗಿದ್ದಾಗ ಎದುರಾಳಿ ಒಳನುಗ್ಗಿದ್ದು ಕಡಿಮೆ. ಕಣ್ಣಿಗೆ ಕಾಣುವಷ್ಟು ಕಡಿಮೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಇಷ್ಟು ದಿನ ಈ ಹುಡುಗನನ್ನು ಬರೀ ಅಕ್ಕನ ಮಗ ಎಂದು ಪ್ರೀತಿಸುತ್ತಿದ್ದವಳು ಮೊದಲ ಸಲ ಆಟಗಾರ ಎಂದು ಹೆಮ್ಮೆಪಟ್ಟೆ.

ಭಾನುವಾರ ಬೆಳಿಗ್ಗೆ ಕಾಚಿಗೂಡ ಸ್ಟೇಷನ್ನಿಗೆ ಹೋಗಿ ತಾಯಿ ಮಗನನ್ನು ಕರೆದುಕೊಂಡೆ. ಅಕ್ಕ ರೇಷ್ಮೆ ಸೀರೆಯನ್ನು ರೈಲಿನಲ್ಲೇ ಉಟ್ಟುಕೊಂಡು ಇಳಿದಿದ್ದಳು. ವಿನಾಯಕ ಎಂದಿನಂತೆ ಮೌನಿ. ಎದುರಿನ ಹೋಟೆಲಿನಲ್ಲಿ ಇರಾನಿ ಚಾ ಕುಡಿಸಿ ಆಟೋ ಹತ್ತಿಸಿದೆ. ಆಟೋದವನು ಕನ್ನಡಿಯಲ್ಲಿ ಇವನ ಭುಜ ನೋಡಿ, 'ಏಂ ಆಡ್ತಾವ್ ತಮ್ಮುಡು, ಕ್ರಿಕೆಟ್ಟಾ?' ಎಂದು ತೆಲುಗಿನಲ್ಲಿ ಕೇಳಿದ. ಇವನು 'ಹಾಕಿ' ಎಂದ. ಅಲ್ಲಿಗೆ ಮಾತು ಮುಗಿಯಿತು. ಆಟೋದವನು ರೇಡಿಯೋ ಹಾಕಿಕೊಂಡ.

ದಾರಿಯಲ್ಲಿ ಅಕ್ಕ ನನ್ನ ಕಿವಿಯಲ್ಲಿ ಇನ್ನೊಂದು ವಿಷಯ ಹೇಳಿದಳು. ಊರ ಹತ್ತಿರದ ಒಂದು ಕಚೇರಿಯಲ್ಲಿ ಕ್ರೀಡಾ ಕೋಟಾದಲ್ಲಿ ಗುಮಾಸ್ತನ ಕೆಲಸ ಸಿಗುವಂತಿದೆ. ಪರ್ಮನೆಂಟ್. ಆದರೆ ಅವರು ಲೀಗ್ ಆಡಲು ಬಿಡುವುದಿಲ್ಲ. ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. 'ಇವತ್ತು ಪಾಟೀಲರು ಒಲ್ಲೆ ಅಂದ್ರ ಇವನು ಹಾಕಿ ಬಿಟ್ಟು ಅಲ್ಲಿಗೆ ಹೋಗಲಿ ಅಂತ ನಾ ದೇವರಿಗೆ ಹೇಳೇನಿ' ಎಂದಳು ಅಕ್ಕ.

ಅಂದರೆ ಆ ಬೆಳಿಗ್ಗೆ ತೀರ್ಮಾನವಾಗಬೇಕಿದ್ದದ್ದು ಬರೀ ಮದುವೆಯಲ್ಲ. ಹುಡುಗ ಮುಂದೆ ಆಟ ಆಡುತ್ತಾನೋ ಇಲ್ಲವೋ ಎಂಬುದೂ ಆ ಉಪ್ಪಿಟ್ಟಿನ ತಟ್ಟೆಯ ಸುತ್ತಲೇ ನಿರ್ಧಾರವಾಗಬೇಕಿತ್ತು.

ಪಾಟೀಲರು ಬಾಗಿಲಲ್ಲೇ ಕೈ ಮುಗಿದರು. 'ಬರ್ರಿ, ಬರ್ರಿ. ಪ್ರಯಾಣ ಆರಾಮಾತೇನ್ರಿ?' ತೆಳ್ಳಗೆ, ಎತ್ತರಕ್ಕೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನೋಡಿದ ಕೂಡಲೇ ಇಷ್ಟವಾಗುವಂಥ ಮನುಷ್ಯ. ಆದರೆ ಹಾಲಿಗೆ ಕಾಲಿಟ್ಟರೆ ಟೀವಿಯ ಮೇಲೆ ದೊಡ್ಡದೊಂದು ಎಕ್ಸೆಲ್ ಶೀಟ್. ಲೀಗಿನ ಡಿಫೆಂಡರುಗಳ ಹೆಸರೆಲ್ಲ ಮೇಲಿಂದ ಕೆಳಗೆ. ಪಕ್ಕದಲ್ಲಿ ಹಸಿರು, ಹಳದಿ, ಕೆಂಪು. ವಿನಾಯಕನ ಹೆಸರು ಕೆಂಪಿನಲ್ಲಿತ್ತು.

ಅಕ್ಕ ನನ್ನ ಮುಖ ನೋಡಿದಳು. ಕೆಂಪು ಮಂಗಳಕರವೇ ಎಂದು ಕೇಳುವಂತಿತ್ತು ಆ ನೋಟ.

ಪಾಟೀಲರ ಹೆಂಡತಿ ಗಿರಿಜಕ್ಕ ಉಪ್ಪಿಟ್ಟು ತಂದರು. ಶ್ವೇತಾ ಬಂದು ನಮಸ್ಕಾರ ಮಾಡಿ, ಟೀವಿಯ ಪಕ್ಕದ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಳು. ಅಪ್ಪ ಹೇಳಿದಂತೆ ಶೀಟ್ ಮೇಲೆ ಕೆಳಗೆ ಮಾಡುವುದು ಅವಳ ಕೆಲಸ. ತನ್ನನ್ನು ನೋಡಲು ಬಂದ ಹುಡುಗನ ಅಂಕಪಟ್ಟಿಯನ್ನು ತಾನೇ ಓಡಿಸುವ ಕನ್ಯೆಯನ್ನು ನಾನು ಮೊದಲ ಸಲ ನೋಡಿದ್ದು.

'ತಪ್ಪು ತಿಳಕೋಬ್ಯಾಡ್ರಿ' ಎಂದರು ಪಾಟೀಲರು. 'ನಾ ಜೀವನಪೂರ್ತಿ ಸಾಮಾನು ಪಾಸ್ ಮಾಡೋದು, ರಿಜೆಕ್ಟ್ ಮಾಡೋದು, ಇದ ಮಾಡೀನಿ. ಹುಡುಗ ಭಾಳ ಚಲೋ ಇದ್ದಾನ, ಅದರಾಗ ಎರಡು ಮಾತಿಲ್ಲ. ಪ್ರಶ್ನೆ ಹುಡುಗಂದಲ್ಲ, ಕಾಂಟ್ರ್ಯಾಕ್ಟಿಂದು.'

ಆಮೇಲೆ ವಿವರಿಸಿದರು. ಟ್ಯಾಕಲಿಗೆ ಇಷ್ಟು ಅಂಕ, ಚೆಂಡು ತಡೆದರೆ ಇಷ್ಟು, ತಪ್ಪಿಗೆ ಅಂಪೈರ್ ಕಾರ್ಡ್ ತೋರಿಸಿದರೆ ಮೈನಸ್, ಪೆನಾಲ್ಟಿ ಕಾರ್ನರ್ ಕೊಟ್ಟರೆ ಮೈನಸ್. ಎಲ್ಲ ಕೂಡಿಸಿ, ಪ್ರತಿಯೊಬ್ಬನಿಗೂ ಹರಾಜಿನಲ್ಲಿ ಸಿಕ್ಕ ಬೆಲೆಯ ಪಕ್ಕದಲ್ಲಿಟ್ಟಿದ್ದರು. ಕೊಟ್ಟ ಬೆಲೆಗಿಂತ ಆಟ ಜಾಸ್ತಿ ಇದ್ದವನು ಹಸಿರು. ಬೆಲೆಗಿಂತ ಆಟ ಕಡಿಮೆ ಇದ್ದವನು ಕೆಂಪು.

'ಅಂದ್ರ ಟೀಮಿನವರು ಈ ಹುಡುಗಗ ಹೆಚ್ಚು ಕೊಡಾಕತ್ತಾರ. ಅವರ ಕಡೆನೂ ಕಂಪ್ಯೂಟರ್ ಇರತಾವ್ರಿ. ಇವತ್ತಿಲ್ಲ ನಾಳೆ ನೋಡ್ತಾರ, ಬಿಡ್ತಾರ. ಆವಾಗ ನನ್ನ ಮಗಳ ಗತಿ ಏನು?'

ಬೇಸರವಾಯಿತು, ಸಿಟ್ಟು ಬರಲಿಲ್ಲ. ಮಗಳ ಮೇಲಿನ ಪ್ರೀತಿಯನ್ನು ಎಕ್ಸೆಲ್ಲಿನಲ್ಲಿ ತೋರಿಸುವ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ನಮ್ಮಪ್ಪ ನನ್ನ ಮದುವೆ ನಿಶ್ಚಯ ಮಾಡುವಾಗ ಹುಡುಗನ ಚಪ್ಪಲಿ ನೋಡಿ ಒಪ್ಪಿದ್ದರು. ಹಿಮ್ಮಡಿ ಒಂದೇ ಸಮ ಸವೆದಿದೆ, ನಡತೆ ನೆಟ್ಟಗಿರುತ್ತದೆ ಎಂದಿದ್ದರಂತೆ. ಅದಕ್ಕಿಂತ ಇದು ವಾಸಿಯಲ್ಲವೇ?

ಅಕ್ಕ ನನ್ನ ಮೊಣಕೈ ಒತ್ತಿದಳು. ನನ್ನ ಸರದಿ.

'ಪಾಟೀಲರ, ನೀವು ಹಿಡದ ಲೆಕ್ಕ ತಪ್ಪಲ್ಲ' ಎಂದೆ. 'ಆದ್ರ ಡಿಫೆಂಡರ್ ಚಲೋ ಇದ್ದಷ್ಟು ಅವನ ಕಡೆ ಚೆಂಡು ಬರೋದು ಕಮ್ಮಿ ಆಗತೈತಿ. ಕೆಲಸ ಸರಿಯಾಗಿ ಮಾಡಿದವನ ಹೆಸರಿಗೆ ನಿಮ್ಮ ಶೀಟಿನ್ಯಾಗ ಅಂಕನ ಬೀಳೂದಿಲ್ಲ. ನಿಮ್ಮ ಕಾರ್ಖಾನ್ಯಾಗ ರಿಜೆಕ್ಷನ್ ಕಮ್ಮಿ ಆದ್ರ, ಇನ್‌ಸ್ಪೆಕ್ಟರು ಕೆಲಸಾ ಮಾಡಿಲ್ಲ ಅಂತಿದ್ರೇನ್ರಿ?'

ಪಾಟೀಲರು ಉಪ್ಪಿಟ್ಟಿನ ಚಮಚ ಕೆಳಗಿಟ್ಟರು. ಮಾತು ತಟ್ಟಿತ್ತು. 'ಇದು ಬರೋಬ್ಬರಿ ಐತ್ರಿ' ಎಂದರು. 'ಆದ್ರ ಬರೇ ಮಾತಾತು. ತೋರಸ್ರಿ.'

ನನ್ನ ಲೆಕ್ಕ ತೋರಿಸಿದೆ. ಅವನು ಒಳಗಿದ್ದಾಗ ಇಷ್ಟು, ಹೊರಗಿದ್ದಾಗ ಇಷ್ಟು. ಪಾಟೀಲರು ಕನ್ನಡಕ ಏರಿಸಿ ನೋಡಿದರು. ನೋಡನೋಡುತ್ತ ಮುಖ ಅರಳಿತು. ಅಕ್ಕನ ಮುಖವೂ ಅರಳಿತು. ಅಕ್ಕನಿಗೆ ಆ ಲೆಕ್ಕ ಒಂದಕ್ಷರ ತಿಳಿದಿರಲಿಲ್ಲ, ಪಾಟೀಲರ ಮುಖ ತಿಳಿದಿತ್ತು.

ಆಗ ಪಾಟೀಲರು ಆ ಪ್ರಶ್ನೆ ಕೇಳಿದರು. 'ಡೇಟಾ ಯಾರು ತಗದಾರ್ರಿ ಮೇಡಂ?'

'ನಾನು ಮತ್ತ ನಮ್ಮ ಮನಿಯವರು.'

'ಅವರಿಗೆ ಹಾಕಿ ಬರತೈತೇನ್ರಿ?'

'ಕೇರಂ ಬರತೈತ್ರಿ.'

ಅವರು ನಗಲಿಲ್ಲ. 'ಮೇಡಂ, ನೀವು ಸ್ಟ್ಯಾಟಿಸ್ಟಿಕ್ಸ್ ಕಲಸೋರು. ಈ ಲೆಕ್ಕದ ಮ್ಯಾಲೆ ನಿಮಗ ಎಷ್ಟು ಭರವಸಾ ಐತಿ? ನನ್ನ ಮಗಳ ವಿಚಾರ, ಖರೇ ಹೇಳ್ರಿ.'

ಇಕ್ಕಟ್ಟಿಗೆ ಸಿಕ್ಕಿಕೊಂಡೆ. ಎದುರಿಗೆ ಅಕ್ಕ. ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಹುಡುಗ. 'ಪೂರ್ತಿ ಭರವಸೆ ಇದೆ' ಎಂದಿದ್ದರೆ ಕೆಲಸ ಆಗುತ್ತಿತ್ತು. ಆದರೆ ಒಂದೇ ಸೀಸನ್. ಬೆರಳೆಣಿಕೆಯಷ್ಟು ಪಂದ್ಯಗಳು. ಜೊತೆಗೆ, ತಂಡ ಗೆಲ್ಲುತ್ತಿದ್ದಾಗಲೇ ಕೋಚ್ ಇವನನ್ನು ಹೆಚ್ಚು ಆಡಿಸಿರಬಹುದು. ಆಗ ಎದುರಾಳಿ ಒಳಗೆ ಬರದಿದ್ದದ್ದು ಇವನಿಂದಲೋ, ಬೇರೆ ಕಾರಣದಿಂದಲೋ? ಇದನ್ನೆಲ್ಲ ಮರೆಮಾಚಿದರೆ ನಾಳೆ ಕ್ಲಾಸಿನಲ್ಲಿ ಯಾವ ಮುಖ ಇಟ್ಟುಕೊಂಡು ಪಾಠ ಹೇಳಲಿ?

'ಇಷ್ಟರ ಮ್ಯಾಲೆ ಏನೂ ಖಾತ್ರಿ ಹೇಳಾಕ ಬರೂದಿಲ್ರಿ' ಎಂದೆ. 'ಚಲೋ ಆಡ್ತಾನ ಅಂತ ಕಾಣತೈತಿ. ಕಾಂಟ್ರ್ಯಾಕ್ಟ್ ಉಳೀತೈತೋ ಇಲ್ಲೋ, ನನಗ ಗೊತ್ತಿಲ್ಲ.'

ಅಕ್ಕ ಟೇಬಲ್ಲಿನ ಕೆಳಗೆ ನನ್ನ ತೊಡೆ ಚಿವುಟಿದಳು. ಚಿಕ್ಕಂದಿನಲ್ಲಿ ಚಿವುಟಿದಷ್ಟೇ ಜೋರಾಗಿ. ಇನ್ನೂ ನೀಲಿಯಾಗಿದೆ.

ಪಾಟೀಲರು ನಿಟ್ಟುಸಿರು ಬಿಟ್ಟರು. ವಿನಾಯಕನ ಕಡೆ ತಿರುಗಿ ಮೆತ್ತಗೆ, 'ತಮ್ಮಾ, ನಿಮ್ಮವ್ವಾರು ಫೋನಿನ್ಯಾಗ ಹೇಳಿದ್ರು, ಆಫೀಸಿನ ಕೆಲಸ ಐತಂತಲ್ಲ. ಅದು ತಗೊಂಡ್ರ ಈ ಶೀಟು, ಗೀಟು ಏನೂ ಬ್ಯಾಡ. ಇವತ್ತ ಮಾತು ಗಟ್ಟಿಮಾಡಿ ಸಕ್ಕರಿ ಹಂಚೂಣು' ಎಂದರು.

'ತಗೋತಾನ್ರಿ' ಎಂದಳು ಅಕ್ಕ, ಅವರ ಮಾತು ಮುಗಿಯುವ ಮೊದಲೇ.

'ಇಲ್ಲವ್ವ' ಎಂದ ವಿನಾಯಕ.

ಅವನು ಆ ಮನೆಯಲ್ಲಿ ಆಡಿದ ಮೊದಲ ಮಾತು ಅದು. ತಲೆ ಎತ್ತಿದ. 'ಕ್ಷಮಾ ಮಾಡ್ರಿ ಕಾಕಾರ. ನನಗ ಇನ್ನ ಒಂದಿಷ್ಟು ವರ್ಷ ಆಡೋ ಶಕ್ತಿ ಐತ್ರಿ. ಮದುವಿ ಸಲುವಾಗಿ ಈಗ ಆಟ ಬಿಟ್ರ, ನಾಳೆ ಯಾವಾಗರ ಸಿಟ್ಟು ಬಂದಾಗ ತಪ್ಪು ನಿಮ್ಮ ಮಗಳ ಮ್ಯಾಲೆ ಹಾಕ್ತೀನಿ. ಅದು ಬ್ಯಾಡ್ರಿ. ಟೀಮಿನವರು ಬಿಟ್ರ ಬಿಡ್ಲಿ. ಬ್ಯಾರೆ ಟೀಮಿಗೆ ಹೋಗಿ ಕೇಳ್ತೀನಿ.'

ಅಕ್ಕನ ಕಣ್ಣಲ್ಲಿ ನೀರು ಬಂತು. ಮುಗಿಯಿತು ಎಂದುಕೊಂಡೆ. ಆದರೂ ಅವನ ಬೆನ್ನು ತಟ್ಟಬೇಕು ಎನ್ನಿಸಿತು. ನೀವೇ ಹೇಳಿ, ಇಂಥ ಮಾತಾಡುವ ಹುಡುಗನನ್ನು ಯಾವ ಬಣ್ಣದಲ್ಲಿ ಬರೆಯುವುದು?

ಆಗ ಶ್ವೇತಾ ಬಾಯಿಬಿಟ್ಟಳು.

'ಅಪ್ಪಾ, ಈ ಶೀಟಿನ್ಯಾಗ ನನ್ನ ಹೆಸರೂ ಹಾಕ್ಲಿ?'

'ನಿಂದ್ಯಾಕವ್ವ?'

'ನಂದೂ ವರ್ಷದ ಕಾಂಟ್ರ್ಯಾಕ್ಟ್ ಅಲ್ಲೇನು?'

ಪಾಟೀಲರು ಕಣ್ಣು ಪಿಳುಕಿಸಿದರು. ಶ್ವೇತಾ ದನಿ ಏರಿಸದೆ ಹೇಳುತ್ತ ಹೋದಳು. ಲ್ಯಾಬಿಗೆ ಸೇರಿದಾಗಿನಿಂದ ಪ್ರತಿ ಮಾರ್ಚಿನಲ್ಲಿ ಅವಳ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಮೇಲ್ ಬಂದರೆ ಇನ್ನೊಂದು ವರ್ಷ. ಬರದಿದ್ದರೆ ಇಲ್ಲ. ಜೊತೆಗಿದ್ದ ಇಬ್ಬರಿಗೆ ಕಳೆದ ಸಲ ಬರಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ. 'ಅವರ ಟೀಮಿನವರಾದ್ರೂ ಗೋಲು, ಟ್ಯಾಕಲ್ ಅಂತ ಏನರ ನೋಡ್ತಾರ. ನಮ್ಮಲ್ಲಿ ಏನು ನೋಡ್ತಾರಂತ ನನಗ ಇವತ್ತಿಗೂ ತಿಳದಿಲ್ಲ.'

ಪಾಟೀಲರು ನಕ್ಕುಬಿಟ್ಟರು. ಕೆಟ್ಟ ನಗುವಲ್ಲ. ಮಗು ಏನೋ ಮುದ್ದಾಗಿ ಹೇಳಿದಾಗ ನಗುತ್ತೇವಲ್ಲ, ಅಂಥದ್ದು. 'ನಿಂದು ಬ್ಯಾರೆ ಮಾತವ್ವ. ನಿಂದೇನು, ಮದುವಿ ತನಕ.'

ಗಿರಿಜಕ್ಕ ಅಡುಗೆಮನೆಯ ಬಾಗಿಲಲ್ಲಿ ಶಿರಾದ ಬಟ್ಟಲು ಹಿಡಿದು ನಿಂತಿದ್ದರು. 'ಹಂಗಂದ್ರೇನ್ರಿ?' ಎಂದರು.

ಪಾಟೀಲರು ಟೀವಿಯ ಕಡೆ ನೋಡಿದರು, ಆಮೇಲೆ ಮಗಳ ಕಡೆ. ಅಷ್ಟು ಡಿಫೆಂಡರುಗಳ ಕಾಂಟ್ರ್ಯಾಕ್ಟ್ ಜಾಲಾಡಿಸಿದ ಮನುಷ್ಯ, ತನ್ನ ಮಗಳ ಕಾಂಟ್ರ್ಯಾಕ್ಟ್ ಮುಗಿಯುವ ತಿಂಗಳು ಯಾವುದೆಂದು ಅವತ್ತೇ ಮೊದಲ ಸಲ ಕೇಳಿಸಿಕೊಂಡಿದ್ದರು. ಅವರಷ್ಟೇ ಏಕೆ, ನಾವೂ. ಅಕ್ಕ ಹುಡುಗಿಯ ಬಗ್ಗೆ ಏನೆಲ್ಲ ವಿಚಾರಿಸಿದ್ದಳು. ಅಡುಗೆ ಬರುತ್ತದೆಯೇ, ಕನ್ನಡ ಓದಲು ಬರುತ್ತದೆಯೇ, ಹಿರಿಯರೆಂದರೆ ಮರ್ಯಾದೆ ಇದೆಯೇ. ನೌಕರಿ ಇದೆ ಎಂದು ಕೇಳಿ ಖುಷಿಪಟ್ಟಿದ್ದಳು. ಎಂಥ ನೌಕರಿ, ಎಲ್ಲಿಯವರೆಗೆ ಎಂದು ಕೇಳಿರಲಿಲ್ಲ.

ಶ್ವೇತಾ ವಿನಾಯಕನ ಕಡೆ ನೋಡಿದಳು. 'ಟೀಮಿನವರು ಬಿಟ್ರು ಅಂತ ಗೊತ್ತಾದ ದಿನ ಏನ್ ಮಾಡ್ತೀರಿ?'

ಅವನು ಯೋಚಿಸಿದ. 'ಅವತ್ತೊಂದಿನ ಯಾರ ಜೋಡಿನೂ ಮಾತಾಡೂದಿಲ್ರಿ. ಮರುದಿನ ಎದ್ದು ಓಡಾಕ ಹೋಗ್ತೀನಿ. ನೀವು?'

'ನಾ ಅವತ್ತು ಭಾಳ ಮಾತಾಡ್ತೀನಿ. ಮರುದಿನ ರೆಸ್ಯೂಮೆ ತಿದ್ದಾಕ ಕೂಡ್ತೀನಿ.'

ಇಬ್ಬರೂ ನಕ್ಕರು. ಅಬ್ಬಾ, ಎಷ್ಟು ಚೆಂದದ ನಗು ಅಂತೀರಿ. ಕನ್ಯಾ ನೋಡುವ ಕಾರ್ಯಕ್ರಮದಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ನಾಚುವುದನ್ನು ನೋಡಿದ್ದೇನೆ. ಹೀಗೆ ಒಂದೇ ಕಷ್ಟದವರು ಸಿಕ್ಕಿದಂತೆ ನಗುವುದನ್ನು ನೋಡಿರಲಿಲ್ಲ. ನಮ್ಮ ತಲೆಮಾರಿನವರಿಗೆ ನೌಕರಿ ಎಂದರೆ ಸೇರಿದ ಬಾಗಿಲಿನಿಂದಲೇ ನಿವೃತ್ತರಾಗಿ ಹೊರಬರುವುದು. ಈ ಮಕ್ಕಳಿಗೆ ಪ್ರತಿ ವರ್ಷವೂ ಒಂದು ಹರಾಜು. ನಾವು ಅದನ್ನು ಆಟಗಾರರಿಗೆ ಮಾತ್ರ ಇರುವ ರೋಗ ಎಂದುಕೊಂಡು, ಆಟಗಾರರಿಗೆ ಹೆಣ್ಣು ಕೊಡುವುದಿಲ್ಲ ಎನ್ನುತ್ತೇವೆ.

ಪಾಟೀಲರು ಎದ್ದು ಟೀವಿ ಆರಿಸಿದರು. ಗಿರಿಜಕ್ಕ ಎಲ್ಲರಿಗೂ ಶಿರಾ ಬಡಿಸಿದರು. ವಿನಾಯಕನಿಗೆ ಎರಡು ಸಲ.

ತಾಯಿ ಮಗ ಅವತ್ತೇ ಸಂಜೆ ರೈಲು ಹತ್ತಿದರು. ಅಕ್ಕ ನನ್ನ ಜೊತೆ ಸ್ಟೇಷನ್ನಿನವರೆಗೂ ಮಾತು ಬಿಟ್ಟಿದ್ದಳು. ರೈಲು ಹೊರಡುವಾಗ ಕಿಟಕಿಯಿಂದ, 'ಗೊತ್ತಿಲ್ಲ ಅನ್ನಾಕ ಇಷ್ಟು ವರ್ಷ ಓದಬೇಕಾಗಿತ್ತೇನು?' ಎಂದಳು. (ನಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ನೋಡಿಲ್ಲ.)

ಎರಡು ದಿನ ಬಿಟ್ಟು ಪಾಟೀಲರ ಫೋನ್ ಬಂತು. ದನಿಯಲ್ಲಿ ಏನೋ ಹೊಸದನ್ನು ಕಂಡುಹಿಡಿದವರ ಉತ್ಸಾಹ.

'ಮೇಡಂ, ನನ್ನ ಹಿಸಾಬಿನ್ಯಾಗ ಒಂದು ತಪ್ಪಿತ್ರಿ. ನಾ ಒಬ್ಬಾವನ ಕಾಂಟ್ರ್ಯಾಕ್ಟ್ ಹಿಡಿದು ಮನಿ ಅಳದೆ. ಮನಿ ಇಬ್ಬರದು. ಇಬ್ಬರ ಕಾಂಟ್ರ್ಯಾಕ್ಟೂ ಒಮ್ಮೆಲೆ ಹೋಗೋ ಸಂಭವ, ಒಬ್ಬಾವಂದು ಹೋಗೋದಕ್ಕಿಂತ ಭಾಳ ಕಮ್ಮಿ ಬರತೈತಿ. ಬರೋಬ್ಬರಿ ಅದಲ್ರಿ?'

'ಬರೋಬ್ಬರಿ ಐತ್ರಿ. ಆದ್ರ ಒಂದಕ್ಕ ಇನ್ನೊಂದು ಸಂಬಂಧ ಇರಬಾರದು.'

'ಒಂದು ಹಾಕಿ, ಇನ್ನೊಂದು ಲ್ಯಾಬು. ಏನ್ ಸಂಬಂಧರಿ?' ಎಂದು ನಕ್ಕರು. ಆಮೇಲೆ, 'ಶ್ವೇತಾ ಹೂಂ ಅಂದಾಳ್ರಿ. ನಾವೂ ಹೂಂ ಅಂದೀವಿ. ನಿಮ್ಮ ಅಕ್ಕಾರಿಗೆ ನೀವ ಹೇಳ್ರಿ, ಚಿವುಟಿಸಿಕೊಂಡವರು ನೀವು' ಎಂದರು. ಟೇಬಲ್ಲಿನ ಕೆಳಗಿನದೂ ಕ್ವಾಲಿಟಿಯವರ ಕಣ್ಣಿಗೆ ಬಿದ್ದಿತ್ತು.

ಅಕ್ಕನಿಗೆ ಹೇಳಿದೆ. ಅತ್ತಳು, ನಕ್ಕಳು, ನನ್ನ ಜೊತೆ ಮಾತು ಶುರುಮಾಡಿದಳು. ವಿನಾಯಕ ಆ ಕಚೇರಿಗೆ 'ಬರುವುದಿಲ್ಲ' ಎಂದು ತಿಳಿಸಿದ್ದಾನೆ. ತಂಡದವರು ಇನ್ನೂ ಏನೂ ಹೇಳಿಲ್ಲ. ಅವನು ದಿನಾ ಬೆಳಿಗ್ಗೆ ಓಡುತ್ತಿದ್ದಾನೆ.

ಪಾಟೀಲರ ಫೋನನ್ನು ಕೊನೆಗೆ ಗಿರಿಜಕ್ಕ ಇಸಿದುಕೊಂಡಿದ್ದರು. ಗಂಡ ಅತ್ತ ಹೋಗುವುದನ್ನೇ ಕಾದು, ದನಿ ತಗ್ಗಿಸಿ ಹೇಳಿದರು: 'ಪ್ರತಿ ಮಾರ್ಚ್‌ನ್ಯಾಗ ಆ ಮೇಲ್ ಬರೋತನಕ ಹುಡುಗಿ ಸರಿಯಾಗಿ ಉಣ್ಣೂದಿಲ್ರಿ. ಇವರು ಇದ ಮನ್ಯಾಗ ಇರ್ತಾರ. ಪರೀಕ್ಷಾ ಬಂದ್ರ ಹಿಂಗ ಮಾಡ್ತಿದ್ಲು, ಅದ ಚಾಳಿ ಅಂತ ತಿಳದಾರ.'

ಹುಡುಗನದು ಪರ್ಮನೆಂಟೋ ಎಂದು ಮನೆಮನೆಗೆ ಹೋಗಿ ಕೇಳುವ ನಾವು, ನಮ್ಮದೇ ಮನೆಯ ಹುಡುಗಿಗೆ ಆ ಪ್ರಶ್ನೆಯನ್ನು ಕೊನೆಯ ಸಲ ಕೇಳಿದ್ದು ಯಾವಾಗ?